ಹಳೆಯ ಪೋಲರಾಯ್ಡ್ ಅಸಲಿಯೇ? ನಾನು ನೋಡುವ ಬಗೆ

ಪೋಲರಾಯ್ಡ್‌ನಂಥ, ತೆಗೆದೊಡನೆ ಕ್ಯಾಮೆರಾದಿಂದಲೇ ಹೊರಬರುವ ಹಳೆಯ ಇನ್‌ಸ್ಟಂಟ್ ಫೋಟೊ ಕೈಗೆ ಬಂದರೆ, ಅದರಲ್ಲಿ ಯಾರಿದ್ದಾರೆ ಎನ್ನುವುದನ್ನು ನಾನು ಕೊನೆಗೆ ನೋಡುತ್ತೇನೆ. ಪ್ರಸಿದ್ಧರ ಮುಖ ಕಂಡರೆ ಸಾಕು, ಮನಸ್ಸು ಆಗಲೇ ‘ಅಸಲಿ’ ಎಂದು ತೀರ್ಮಾನಿಸಿಬಿಡುತ್ತದೆ. ಹಾಗಾಗಿ ಮೊದಲು ಬೋರಲು ಹಾಕಿ, ಅಂಚು ಮುಟ್ಟಿ ನೋಡುವುದು ನನ್ನ ರೂಢಿ.

ಬಿಳಿ ಚೌಕಟ್ಟಿದ್ದು ಕೆಳಗೆ ಅಗಲ ಪಟ್ಟಿ ಇರುವಂಥದ್ದು ಬರೀ ಕಾಗದವಲ್ಲ. ಪ್ಲಾಸ್ಟಿಕ್ ಹಾಳೆಗಳ ನಡುವೆ ಹಲವು ಪದರಗಳಿರುತ್ತವೆ. ಆ ಪಟ್ಟಿಯೊಳಗೆ ರಾಸಾಯನಿಕದ ಪೊಟ್ಟಣ. ಫೋಟೊ ಕ್ಯಾಮೆರಾದಿಂದ ಹೊರಬರುವಾಗ ರೋಲರ್‌ಗಳು ಪೊಟ್ಟಣ ಒಡೆದು ಲೇಪವನ್ನು ಹರಡುತ್ತವೆ, ಹೆಚ್ಚಾದದ್ದು ಮೇಲಂಚಿನಲ್ಲಿ ನಿಲ್ಲುತ್ತದೆ. ಬೆರಳಿಗೆ ಕೆಳಪಟ್ಟಿ ದಪ್ಪ ಅನ್ನಿಸಲೇಬೇಕು. ರೋಲರ್‌ಗೆ ಕೊಳೆ ಅಂಟಿದ್ದರೆ ಒಂದೇ ಬಗೆಯ ಕಲೆ ಸಮ ಅಂತರದಲ್ಲಿ ಮರುಕಳಿಸುತ್ತದೆ. ಇಂಥ ದೋಷ ಕಂಡರೆ ನನಗೆ ಖುಷಿ, ನಕಲು ಮಾಡುವವರು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಆಮೇಲೆ ಭೂತಗನ್ನಡಿ. ಇಂಕ್‌ಜೆಟ್ ಪ್ರತಿಯಾದರೆ ಶಾಯಿಯ ಚುಕ್ಕೆಗಳು ಕಾಣುತ್ತವೆ. ಅಸಲಿಯಲ್ಲಿ ಚುಕ್ಕೆ ಇರುವುದಿಲ್ಲ.

ವರ್ಷವನ್ನೂ ತಾಳೆ ನೋಡುತ್ತೇನೆ. ಈ ಬಗೆಯ ಫಿಲ್ಮ್ ಬಂದದ್ದು 1972ರಲ್ಲಿ, ಎಸ್‌ಎಕ್ಸ್-70 ಕ್ಯಾಮೆರಾದ ಜೊತೆ. ಅದರ ಮೇಲೆ ‘1965’ ಎಂದಿದ್ದರೆ ಆ ದಿನಾಂಕವನ್ನು ನಂಬುವಂತಿಲ್ಲ. ಪೋಲರಾಯ್ಡ್ ಕಂಪನಿಯ ಸ್ಥಾಪಕ ಎಡ್ವಿನ್ ಲ್ಯಾಂಡ್ ಅವರ ಮೊದಲ ಇನ್‌ಸ್ಟಂಟ್ ಕ್ಯಾಮೆರಾ 1948ರಲ್ಲೇ ಮಾರಾಟಕ್ಕೆ ಬಂದಿತ್ತು ನಿಜ, ಆದರೆ ಅದರದು ಸುಲಿದು ಬೇರ್ಪಡಿಸುವ ಫಿಲ್ಮ್. ಫೋಟೊದ ಜೊತೆ ಪೊಟ್ಟಣ ಉಳಿಯುತ್ತಿರಲಿಲ್ಲ. ಆ ಬಗೆಯ ಅನೇಕ ಕಪ್ಪು-ಬಿಳುಪು ಚಿತ್ರಗಳಿಗೆ ಕೈಯಾರೆ ರಕ್ಷಣಾ ಲೇಪ ಬಳಿಯಬೇಕಿತ್ತು. ಓರೆ ಬೆಳಕಿಗೆ ಹಿಡಿದರೆ ಬಳಿದ ಗೆರೆಗಳು ಕಾಣುತ್ತವೆ, ಲೇಪ ತಪ್ಪಿದಲ್ಲಿ ಚಿತ್ರ ಮಾಸಿರುತ್ತದೆ. ಬಣ್ಣದ ಫಿಲ್ಮ್ ಬಂದದ್ದು 1963ರಲ್ಲಿ.

ನಿಜವಾಗಿ ಕಾಡುವುದು ಬೇರೆ: ಫಿಲ್ಮ್ ಅಸಲಿ, ಚಿತ್ರ ಹೊಸದು. ಫೋನ್ ಪರದೆಯ ಚಿತ್ರವನ್ನು ಇನ್‌ಸ್ಟಂಟ್ ಫಿಲ್ಮ್ ಮೇಲೆ ಇಳಿಸುವ ಯಂತ್ರಗಳಿವೆ. ಅಂಥದ್ದು ಬೆರಳಿನ ಪರೀಕ್ಷೆಯನ್ನೂ ಭೂತಗನ್ನಡಿಯನ್ನೂ ದಾಟಿಬಿಡುತ್ತದೆ. ಆಗ ಉಳಿಯುವುದು ಫಿಲ್ಮಿನ ವಯಸ್ಸೊಂದೇ. ಪೋಲರಾಯ್ಡ್ ತನ್ನ ಇನ್‌ಸ್ಟಂಟ್ ಫಿಲ್ಮ್ ನಿಲ್ಲಿಸುವುದಾಗಿ 2008ರಲ್ಲಿ ಸಾರಿತು. 2010ರಿಂದ ನೆದರ್ಲೆಂಡ್ಸಿನ ಎನ್‌ಶೆಡೆಯಲ್ಲಿ ಬೇರೆಯವರು ಹೊಸ ರಾಸಾಯನಿಕಗಳಿಂದ ತಯಾರಿಸಿದರು. ಹಳೆಯದರ ಬಣ್ಣವೇ ಬೇರೆ, ಹೊಸದರದ್ದೇ ಬೇರೆ. ಅನುಮಾನವಿಲ್ಲದ ಹಳೆಯ ಫೋಟೊಗಳನ್ನು ಇಟ್ಟುಕೊಂಡಿದ್ದೇನೆ, ಪಕ್ಕದಲ್ಲಿಟ್ಟು ಹೋಲಿಸಿ ನೋಡಲು. ಹಿಂಬದಿಯ ಅಂಕಿಗಳನ್ನೂ ನೋಡುತ್ತೇನೆ. ಅವು ಫಿಲ್ಮಿಗೆ ಸೇರಿದವು, ಫೋಟೊ ತೆಗೆದ ದಿನಕ್ಕಲ್ಲ. ಅವಧಿ ಮೀರಿದ ಫಿಲ್ಮ್ ಬಳಸುವವರೂ ಇದ್ದಾರೆ.

ಅಂಚಿನ ಸಹಿಯನ್ನು ನಾನು ಪುರಾವೆ ಎಂದು ಎಣಿಸುವುದಿಲ್ಲ. ಕೊಳ್ಳುವವರಿಗೆ ಬರೆದುಕೊಡುವಾಗ ‘ಫಿಲ್ಮ್ ಇಂಥ ಕಾಲದ್ದು’ ಎಂದಷ್ಟೇ ಬರೆಯುತ್ತೇನೆ.