ಹೆರಿಗೆ ಹೊತ್ತಿನಲ್ಲಿ ಮಗುವಿನ ಎದೆಬಡಿತ: ಡಾಪ್ಲರ್ ಸಾಕೇ, ಬೆಲ್ಟ್ ಬೇಕೇ?

ನೋವು ಶುರುವಾದ ಮೇಲೆ ಈ ವಿಷಯ ಮಾತಾಡಲು ಆಗುವುದಿಲ್ಲ. ಎಂಟನೇ ತಿಂಗಳ ಚೆಕಪ್‌ಗೆ ಹೋದಾಗಲೇ ಡಾಕ್ಟರನ್ನು ಕೇಳಿಬಿಡಿ: "ನನಗೆ ಬೇರೆ ತೊಂದರೆ ಏನೂ ಇಲ್ಲದಿದ್ದರೆ ಹೆರಿಗೆ ಹೊತ್ತಿನಲ್ಲಿ ಮಗುವಿನ ಎದೆಬಡಿತ ಹೇಗೆ ನೋಡುತ್ತೀರಿ? ಪೂರ್ತಿ ಹೊತ್ತು ಬೆಲ್ಟ್ ಕಟ್ಟುತ್ತೀರೋ, ಆಗಾಗ ಡಾಪ್ಲರ್ ಇಟ್ಟು ಕೇಳುತ್ತೀರೋ?"

ನಾನು ಕುಮಟಾ, ಅಂಕೋಲಾ ಕಡೆಯ ಹೆರಿಗೆ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಈಗಲೂ ಊರಿನ ಬಸುರಿ ಹೆಣ್ಣುಮಕ್ಕಳು ತಾಯಿ ಕಾರ್ಡ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಬಿಪಿ, ಹಿಮೋಗ್ಲೋಬಿನ್, ಸ್ಕ್ಯಾನ್ ಎಲ್ಲದರ ಬಗ್ಗೆ ಕೇಳುತ್ತಾರೆ, ಇದೊಂದನ್ನು ಬಿಟ್ಟು. ನೋವು ತಿನ್ನುವ ಅಷ್ಟೂ ತಾಸು ಓಡಾಡಿಕೊಂಡು ಇರುತ್ತೀರೋ, ಮಂಚ ಬಿಟ್ಟು ಏಳಲಾರದೆ ಮಲಗಿರುತ್ತೀರೋ ಎಂಬುದು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಬೆಲ್ಟ್ ಎಂದರೆ ಸಿಟಿಜಿ. ನಮ್ಮ ಕಡೆ ಎಲ್ಲರೂ ಎನ್‌ಎಸ್‌ಟಿ ಮಷಿನ್ ಎಂದೇ ಕರೆಯುತ್ತಾರೆ. ಹೊಟ್ಟೆಗೆ ಎರಡು ಪಟ್ಟಿ ಬಿಗಿದು ಎರಡು ಬಿಲ್ಲೆ ಇಡುತ್ತಾರೆ. ಒಂದು ಮಗುವಿನ ಎದೆಬಡಿತ ಹಿಡಿಯುತ್ತದೆ, ಇನ್ನೊಂದು ನೋವು ಬಂದು ಹೋಗುವುದನ್ನು. ಎರಡೂ ಕಾಗದದ ಮೇಲೆ ಗೆರೆಯಾಗಿ ಬರುತ್ತವೆ. ಡಾಪ್ಲರ್ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ಜೆಲ್ ಹಚ್ಚಿ ಇಟ್ಟರೆ ಬಡಿತ ಕೇಳುತ್ತದೆ. ಅದಕ್ಕೂ ಮುಂಚೆ ಹೊಟ್ಟೆಗೆ ಕೊಳವೆ ಒತ್ತಿ ಕಿವಿಗೊಟ್ಟು ಕೇಳುತ್ತಿದ್ದೆವು. ಆ ಕೊಳವೆಯನ್ನು ಯಾರೂ ಕೀಳಾಗಿ ಕಾಣಬೇಡಿ. ಕರೆಂಟ್ ಹೋದರೂ ಬ್ಯಾಟರಿ ಮುಗಿದರೂ ಅದು ಕೆಲಸ ಮಾಡುತ್ತದೆ.

ಡಾಪ್ಲರಿನಿಂದ ಸರಿಯಾಗಿ ಕೇಳುವುದು ಹೇಗೆಂದು ನಿಮಗೆ ಗೊತ್ತಿರಬೇಕು, ಏಕೆಂದರೆ ಅರ್ಧಂಬರ್ಧ ಮಾಡಿದರೆ ಅದರಿಂದ ಪ್ರಯೋಜನವಿಲ್ಲ. ಸಿಸ್ಟರ್ ಮೊದಲು ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ಹುಡುಕುತ್ತಾರೆ. ಬಡಿತ ಚೆನ್ನಾಗಿ ಸಿಗುವುದು ಅಲ್ಲಿ. ಒಂದು ಕೈಯಲ್ಲಿ ಡಾಪ್ಲರ್ ಹಿಡಿದು ಇನ್ನೊಂದು ಕೈಯ ಬೆರಳುಗಳನ್ನು ನಿಮ್ಮ ಮಣಿಕಟ್ಟಿನ ನಾಡಿಯ ಮೇಲೆ ಇಡಬೇಕು. ನೋವಿನಲ್ಲಿ ತಾಯಿಯ ನಾಡಿಯೇ 120ರ ಹತ್ತಿರ ಓಡಬಹುದು, ಯಂತ್ರ ಅದನ್ನೇ ಹಿಡಿದು ಮಗುವಿನದೆಂದು ತೋರಿಸಿಬಿಡಬಹುದು. ಕನಿಷ್ಠ ಪೂರ್ತಿ ಒಂದು ನಿಮಿಷ ಕೇಳಬೇಕು. ನೋವು ಇರುವಾಗಲೇ ಶುರು ಮಾಡಿ, ಅದು ಇಳಿದ ಮೇಲೂ ಅರ್ಧ ನಿಮಿಷವಾದರೂ ಬಿಡದೆ ಕೇಳಬೇಕು. ಗರ್ಭಚೀಲ ಬಿಗಿಯಾದಾಗ ಮಾಸಿನ ಕಡೆಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಗಟ್ಟಿ ಮಗು ಅದನ್ನು ತಾಳಿಕೊಳ್ಳುತ್ತದೆ. ನೋವು ಹೋದ ಮೇಲೂ ಬಡಿತ ಇಳಿದೇ ಇದ್ದರೆ, ಅದೂ ಪ್ರತಿ ನೋವಿಗೂ ಹಾಗೆಯೇ ಆದರೆ, ಡಾಕ್ಟರಿಗೆ ಕೂಡಲೇ ಹೇಳಬೇಕಾದ ಸಂಗತಿ. ನೋವಿಲ್ಲದ ಹೊತ್ತಿನಲ್ಲಿ ಹತ್ತು ಸೆಕೆಂಡ್ ಇಟ್ಟು "ಚೆನ್ನಾಗಿದೆ" ಎಂದು ಹೋದರೆ ಇದು ಗೊತ್ತಾಗುವುದೇ ಇಲ್ಲ.

ಸಾಮಾನ್ಯವಾಗಿ ಬಡಿತ ನಿಮಿಷಕ್ಕೆ 110ರಿಂದ 160. ಗರ್ಭದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮಗುವನ್ನು ಹೊರಗೆ ತಳ್ಳಲು ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು. ಆರೋಗ್ಯವಂತ ಬಸುರಿಗೆ ತಾನಾಗಿ ನೋವು ಬಂದಿದ್ದರೆ ಇದೇ ಕ್ರಮ ಇರಲಿ, ಪೂರ್ತಿ ಹೊತ್ತು ಬೆಲ್ಟ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆಯಲ್ಲಿ 13 ಅಧ್ಯಯನಗಳ 37,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ನೋಡಿದ್ದಾರೆ. ನಿರಂತರ ಬೆಲ್ಟ್ ಕಟ್ಟಿದಾಗ ನವಜಾತ ಶಿಶುವಿಗೆ ಫಿಟ್ಸ್ ಬರುವುದು ಅರ್ಧಕ್ಕೆ ಇಳಿಯಿತು, ಆದರೆ ಅದು ಮೊದಲೇ ಅಪರೂಪದ್ದು. ಶಿಶುಮರಣದಲ್ಲಾಗಲಿ ಸೆರೆಬ್ರಲ್ ಪಾಲ್ಸಿಯಲ್ಲಾಗಲಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು) ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಸಿಸೇರಿಯನ್ ಮತ್ತು ಇಕ್ಕಳ, ವ್ಯಾಕ್ಯೂಮ್ ಹಾಕುವುದು ಮಾತ್ರ ಹೆಚ್ಚಾಯಿತು.

ಹಾಗೆಂದು ಬೆಲ್ಟ್ ಬೇಡವೇ ಬೇಡ ಎಂದು ಹಟ ಹಿಡಿಯಬಾರದು. ನೋವು ಬರಿಸಲು ಆಕ್ಸಿಟೋಸಿನ್ ಡ್ರಿಪ್ ಹಾಕಿದ್ದರೆ, ಬಿಪಿ ಏರಿದ್ದರೆ, ಮೊದಲನೆಯದು ಸಿಸೇರಿಯನ್ ಆಗಿದ್ದರೆ, ಮಗುವಿನ ಬೆಳವಣಿಗೆ ಕಡಿಮೆ ಇದ್ದರೆ, ತಿಂಗಳು ತುಂಬುವ ಮೊದಲೇ ನೋವು ಬಂದರೆ, ಜ್ವರ ಅಥವಾ ರಕ್ತಸ್ರಾವ ಇದ್ದರೆ, ನೀರು ಹಸಿರಾಗಿ ಹೋದರೆ, ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ತೆಗೆದುಕೊಂಡರೆ ಬೆಲ್ಟ್ ಕಟ್ಟಿಸಿಕೊಳ್ಳಿ. ಡಾಪ್ಲರಿನಲ್ಲಿ ಏನಾದರೂ ಅನುಮಾನ ಬಂದರೂ ಅಷ್ಟೇ.

ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್, ನೋವು ತಿನ್ನುವವರು ನಾಲ್ವರು ಇದ್ದರೆ ಕಾಲುಗಂಟೆಗೊಮ್ಮೆ ಒಬ್ಬೊಬ್ಬರ ಹತ್ತಿರವೂ ನಿಂತು ಕೇಳುವುದು ಸಾಧ್ಯವೇ? "ರಾತ್ರಿ ಎಷ್ಟು ಜನ ಇರುತ್ತೀರಿ?" ಎಂದು ಮೊದಲೇ ವಿಚಾರಿಸಿ. ಕೇಳುವವರೇ ಇಲ್ಲದ ಕಡೆ ಬರೀ ಡಾಪ್ಲರ್ ನಂಬಿ ಕೂರುವುದಕ್ಕಿಂತ ಬೆಲ್ಟ್ ಮೇಲು. ಜತೆಗಿರುವವರನ್ನೂ ತಯಾರು ಮಾಡಿ. ಹೆರಿಗೆ ಕೋಣೆಯಲ್ಲಿ ಒಬ್ಬ ಹೆಂಗಸು ಜತೆಗಿರಲು ಸರ್ಕಾರಿ ಆಸ್ಪತ್ರೆಯಲ್ಲೂ ಅವಕಾಶ ಉಂಟು. ಅಮ್ಮನೋ ಅತ್ತೆಯೋ ಗಡಿಯಾರ ನೋಡಿ "ಸಿಸ್ಟರ್, ಮಗುವಿನ ಬಡಿತ ಒಮ್ಮೆ ನೋಡ್ತೀರಾ" ಎಂದರೆ ನಮಗೆ ಬೇಜಾರಾಗುವುದಿಲ್ಲ, ಸಹಾಯವೇ ಆಗುತ್ತದೆ.

ಅಡ್ಮಿಟ್ ಆದ ಕೂಡಲೇ ಇಪ್ಪತ್ತು ನಿಮಿಷ ಬೆಲ್ಟ್ ಕಟ್ಟುವ ರೂಢಿ ಬಹಳ ಕಡೆ ಇದೆ. ಅದಕ್ಕಾಗಿ ಜಗಳ ಬೇಡ. "ಕೂತುಕೊಂಡು ಮಾಡಿಸಿಕೊಳ್ಳಬಹುದೇ? ಸರಿ ಇದ್ದರೆ ಬಿಚ್ಚುತ್ತೀರಾ?" ಎಂದು ಕೇಳಿ. ಬಿಚ್ಚಲು ಮರೆತು ಬೆಳಗಿನತನಕ ಹಾಗೇ ಇದ್ದವರನ್ನು ನೋಡಿದ್ದೇನೆ.

ಬೆಲ್ಟ್ ಇದ್ದರೂ ಅಂಗಾತ ಮಲಗಬೇಕಾಗಿಲ್ಲ. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಬಡಿತವೇ ಇಳಿಯಬಹುದು. ಎಡಮಗ್ಗುಲಾಗಿ, ಕುರ್ಚಿಯಲ್ಲಿ ಕೂತು, ಮಂಚದ ಕಂಬಿ ಹಿಡಿದು ನಿಂತು, ವಯರ್ ಎಟುಕುವಷ್ಟು ದೂರ ಏನು ಬೇಕಾದರೂ ಮಾಡಿ. ಉಚ್ಚೆಗೆ ಹೋಗಬೇಕಾದರೆ ವಯರ್ ಬಿಚ್ಚಿಕೊಡಲು ಹೇಳಿ. ಗೆರೆ ತಟ್ಟನೆ ನಿಂತರೆ ಹೆಚ್ಚಿನ ಸಲ ಬಿಲ್ಲೆ ಜಾರಿರುತ್ತದೆ, ಸಿಸ್ಟರನ್ನು ಕರೆದರೆ ಸರಿಮಾಡುತ್ತಾರೆ. ಮಷಿನ್ನಿನ ಸದ್ದು ತಗ್ಗಿಸಲು ಹೇಳಿ, ಪರದೆಯನ್ನು ಆಚೆ ತಿರುಗಿಸಲು ಹೇಳಿ. ಇಲ್ಲವಾದರೆ ಮನೆಯವರೆಲ್ಲ ಅಂಕಿಯನ್ನೇ ನೋಡುತ್ತ ಕೂರುತ್ತಾರೆ, ಹುಡುಗಿಯ ಸೊಂಟ ನೀವುವವರು ಇರುವುದಿಲ್ಲ.

ಬಡಿತ ಇಳಿದರೆ ಸಿಸ್ಟರ್ ನಿಮ್ಮನ್ನು ಮಗ್ಗುಲಿಗೆ ಹೊರಳಿಸುತ್ತಾರೆ, ಡ್ರಿಪ್ ನಿಲ್ಲಿಸುತ್ತಾರೆ, ಬಿಪಿ ನೋಡುತ್ತಾರೆ, ಒಳಪರೀಕ್ಷೆ ಮಾಡುತ್ತಾರೆ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಸಿಸೇರಿಯನ್. ನಮ್ಮ ಜಿಲ್ಲೆಯವರು ಇಲ್ಲಿ ಹೆಚ್ಚು ಯೋಚಿಸಬೇಕು. ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿಯೂ ಆಪರೇಷನ್ ಆಗುತ್ತದೆಯೇ, ಅರಿವಳಿಕೆ ಡಾಕ್ಟರ್ ಸಿಗುತ್ತಾರೆಯೇ, ಇಲ್ಲವಾದರೆ ಕಾರವಾರಕ್ಕೋ ಶಿರಸಿಗೋ ಮಣಿಪಾಲಕ್ಕೋ ಎಲ್ಲಿಗೆ ಕಳಿಸುತ್ತಾರೆ, ಇದನ್ನು ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ನೆಚ್ಚಿಕೊಳ್ಳಲಾಗದು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ದಿನ ತುಂಬುವವರು ಆಪರೇಷನ್ ಸೌಲಭ್ಯ ಇರುವ ಊರಿನಲ್ಲಿ ನೆಂಟರ ಮನೆ ಇದ್ದರೆ ವಾರ ಮೊದಲೇ ಹೋಗಿ ಉಳಿಯುವುದು ಒಳ್ಳೆಯದು.

ಆನ್‌ಲೈನ್‌ನಲ್ಲಿ ಡಾಪ್ಲರ್ ತರಿಸಿ ಮನೆಯಲ್ಲಿ ಕೇಳಿಕೊಳ್ಳಬೇಡಿ. ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ಬಡಿತ ಕೇಳಿಸಿತೆಂದು ಸುಮ್ಮನಿರದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ.

ಡಾಕ್ಟರ್ ಒಪ್ಪಿದ ಮೇಲೆ ಒಂದು ಚೀಟಿ ಬರೆದು ತಾಯಿ ಕಾರ್ಡಿನೊಳಗೆ ಇಡಿ: "ತೊಂದರೆ ಇಲ್ಲದಿದ್ದರೆ ಡಾಪ್ಲರ್. ಬೆಲ್ಟ್ ಬೇಕಾದರೆ ಕಾರಣ ಹೇಳಿ, ಎದ್ದು ಕೂರಲು ಬಿಡಿ. ತುರ್ತಿದ್ದರೆ ಮೊದಲು ಮಗುವನ್ನು ನೋಡಿ, ಕಾರಣ ಆಮೇಲೆ ಹೇಳಿ." ಕೆಳಗೆ ಜತೆಗಿರುವವರ ಹೆಸರು, ಫೋನ್ ನಂಬರ್ ಬರೆಯಿರಿ. ಪಾಳಿ ಬದಲಾದಾಗ ಹೊಸ ಸಿಸ್ಟರಿಗೆ ಆ ಚೀಟಿ ತೋರಿಸುವ ಕೆಲಸ ಅವರದ್ದು.