ಎರರ್ ಹೇಳಿದ ಕ್ಲಾಸನ್ನಲ್ಲ, ಅದನ್ನು ಎಳೆದು ತಂದ ಫೀಲ್ಡನ್ನು ಹುಡುಕಿ

ಜಾವಾದಲ್ಲಿ ಆಬ್ಜೆಕ್ಟನ್ನು ಬೈಟುಗಳಾಗಿ ಬರೆದಿಡುವುದಕ್ಕೆ ಸೀರಿಯಲೈಜೇಷನ್ ಅನ್ನುತ್ತಾರೆ. ಹಾಗೆ ಬರೆಯಲಾಗದೆ ನಾಟ್‌ಸೀರಿಯಲೈಸಬಲ್‌ಎಕ್ಸೆಪ್ಷನ್ ಎಂಬ ಎರರ್ ಬಂದ ಕೂಡಲೇ ಅದು ಹೆಸರಿಸಿದ ಕ್ಲಾಸಿಗೆ ಹೋಗಿ ‘ಇಂಪ್ಲಿಮೆಂಟ್ಸ್ ಸೀರಿಯಲೈಸಬಲ್’ ಅಂತ ಸೇರಿಸಬೇಡಿ. ನಾನು ಎಷ್ಟೋ ಸಲ ಹಾಗೆ ಮಾಡಿ ನೋಡಿದ್ದೇನೆ. ಒಂದಕ್ಕೆ ಸೇರಿಸಿದರೆ ಇನ್ನೊಂದರ ಹೆಸರು ಬರುತ್ತದೆ, ಅದಕ್ಕೂ ಸೇರಿಸಿದರೆ ಮೂರನೆಯದು. ಕೊನೆಗೆ ಡೇಟಾಬೇಸ್ ಕನೆಕ್ಷನ್ ತನಕ ಹೋಗಿ ನಿಲ್ಲುತ್ತದೆ. ಅದನ್ನಂತೂ ಫೈಲಿನಲ್ಲಿ ಬರೆದಿಡಲು ಆಗುವುದೇ ಇಲ್ಲ.

ಈಚೆಗೆ ನನ್ನ ಕೈಗೆ ಬಂದ ಕೇಸ್ ಹೇಳುತ್ತೇನೆ. ಸೆಷನ್ನಿನಲ್ಲಿ ಇಡುವ ಕಾರ್ಟ್ ಆಬ್ಜೆಕ್ಟ್ ಸೇವ್ ಆಗುತ್ತಿರಲಿಲ್ಲ. ಎರರಿನಲ್ಲಿ ಇದ್ದದ್ದು ಆರ್ಡರ್‌ಸರ್ವಿಸ್ ಹೆಸರು. ಕಾರ್ಟಿನಲ್ಲಿ ಹುಡುಕಿದರೆ ಅಂಥ ಫೀಲ್ಡೇ ಇಲ್ಲ! ಆಗ ಜೆವಿಎಂ (ಜಾವಾ ಕೋಡನ್ನು ಓಡಿಸುವ ಪ್ರೋಗ್ರಾಂ) ಆಯ್ಕೆಗಳಲ್ಲಿ ‘ಸನ್ ಡಾಟ್ ಐಓ ಡಾಟ್ ಸೀರಿಯಲೈಜೇಷನ್ ಡಾಟ್ ಎಕ್ಸ್‌ಟೆಂಡೆಡ್‌ಡೀಬಗ್‌ಇನ್ಫೋ’ ಅನ್ನುವ ಪ್ರಾಪರ್ಟಿಯನ್ನು ಟ್ರೂ ಮಾಡಿ ಮತ್ತೆ ಓಡಿಸಿದೆ. ಈಗ ಎರರಿನ ಜೊತೆ ದಾರಿಯೂ ಬಂತು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದಲ್ಲಿ ರೂಟ್ ಆಬ್ಜೆಕ್ಟ್ ಕಾರ್ಟ್, ಅದರ ಮೇಲೆ ಐಟಂಗಳ ಲಿಸ್ಟ್, ಆಮೇಲೆ ಕಾರ್ಟ್‌ಲೈನ್, ಅದರ ಮೇಲೆ ‘ದಿಸ್ ಡಾಲರ್ ಸೊನ್ನೆ’ ಅನ್ನುವ ಫೀಲ್ಡ್.

ಆ ಫೀಲ್ಡನ್ನು ಯಾರೂ ಬರೆದಿರಲಿಲ್ಲ, ಕಂಪೈಲರ್ ಸೇರಿಸಿತ್ತು. ಕಾರ್ಟ್‌ಲೈನ್ ಆರ್ಡರ್‌ಸರ್ವಿಸ್‌ನ ಒಳಗೆ ಸ್ಟ್ಯಾಟಿಕ್ ಅಲ್ಲದ ಇನ್ನರ್ ಕ್ಲಾಸ್ ಆಗಿತ್ತು, ಹಾಗಾಗಿ ಹೊರಗಿನ ಇಡೀ ಸರ್ವಿಸನ್ನೇ ಬೆನ್ನಿಗೆ ಕಟ್ಟಿಕೊಂಡಿತ್ತು. ‘ಸ್ಟ್ಯಾಟಿಕ್’ ಎಂಬ ಒಂದು ಪದ ಸೇರಿಸಿದ್ದಕ್ಕೆ ಸರಿಹೋಯಿತು.

ಕನೆಕ್ಷನ್, ಥ್ರೆಡ್, ಕ್ಯಾಶ್ ಇಂಥವು ದಾರಿಯಲ್ಲಿ ಸಿಕ್ಕರೆ ಆ ಫೀಲ್ಡನ್ನು ಟ್ರಾನ್ಸಿಯೆಂಟ್ ಮಾಡಿ, ಅಂದರೆ ಬರೆಯುವಾಗ ಅದನ್ನು ಬಿಟ್ಟುಬಿಡಲು ಹೇಳಿ. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ, ದಯವಿಟ್ಟು ಇದನ್ನು ಮರೆಯಬೇಡಿ: ವಾಪಸ್ ಓದುವಾಗ ಸೀರಿಯಲೈಸಬಲ್ ಕ್ಲಾಸಿನ ಕನ್‌ಸ್ಟ್ರಕ್ಟರ್ ಓಡುವುದಿಲ್ಲ. ಫೀಲ್ಡಿನ ಪಕ್ಕದಲ್ಲೇ ‘ನ್ಯೂ’ ಅಂತ ಬರೆದಿದ್ದರೂ ಅದು ನಲ್ ಆಗಿಯೇ ಬರುತ್ತದೆ. ಪ್ರೈವೇಟ್ ರೀಡ್‌ಆಬ್ಜೆಕ್ಟ್ ಬರೆದು, ಮೊದಲು ಡೀಫಾಲ್ಟ್‌ರೀಡ್‌ಆಬ್ಜೆಕ್ಟ್ ಕರೆದು, ಆಮೇಲೆ ಆ ಫೀಲ್ಡನ್ನು ಹೊಸದಾಗಿ ಕಟ್ಟಿಕೊಡಿ.

ಇನ್‌ವ್ಯಾಲಿಡ್‌ಕ್ಲಾಸ್‌ಎಕ್ಸೆಪ್ಷನ್ ಬಂದು ಎರಡು ಸೀರಿಯಲ್‌ವರ್ಷನ್‌ಯುಐಡಿ (ಕ್ಲಾಸಿನ ಆವೃತ್ತಿ ಸಂಖ್ಯೆ) ತೋರಿಸಿದರೆ, ಬರೆದ ಮೇಲೆ ಕ್ಲಾಸ್ ಬದಲಾಗಿದೆ ಎಂದರ್ಥ. ಹಳೆಯ ಡೇಟಾ ಬೇಕೇ ಬೇಕಿದ್ದರೆ, ಮೆಸೇಜಿನಲ್ಲಿ ಸ್ಟ್ರೀಮಿನದು (ಬರೆದಿಟ್ಟ ಡೇಟಾದ್ದು) ಎಂದಿರುವ ಸಂಖ್ಯೆಯನ್ನೇ ಕ್ಲಾಸಿನಲ್ಲಿ ಬರೆಯಿರಿ. ಹೊಸ ಫೀಲ್ಡ್ ಸೇರಿದ್ದಷ್ಟೇ ಆದರೆ ಹಳೆಯದು ಓದಿಕೊಳ್ಳುತ್ತದೆ, ಹೊಸ ಫೀಲ್ಡಿಗೆ ಸೊನ್ನೆ ಅಥವಾ ನಲ್ ಬರುತ್ತದೆ. ಇಂಟ್ ಇದ್ದದ್ದನ್ನು ಲಾಂಗ್ ಮಾಡಿದ್ದರೆ ಈ ಉಪಾಯ ನಡೆಯದು.

ಸ್ಟ್ರೀಮ್‌ಕರಪ್ಟೆಡ್‌ಎಕ್ಸೆಪ್ಷನ್ ಬಂದರೆ ಕೋಡಿಗೆ ಕೈ ಹಾಕುವ ಮೊದಲು ಫೈಲನ್ನು ಹೆಕ್ಸ್‌ನಲ್ಲಿ ತೆರೆಯಿರಿ. ಮೊದಲ ನಾಲ್ಕು ಬೈಟುಗಳು ಎಸಿ, ಇಡಿ, 00, 05 ಇರಲೇಬೇಕು. ಅದೇ ನಾಲ್ಕು ಬೈಟುಗಳು ನಡುವೆ ಮತ್ತೆ ಸಿಕ್ಕಿ, ಎರರಿನಲ್ಲೂ ‘ಇನ್‌ವ್ಯಾಲಿಡ್ ಟೈಪ್ ಕೋಡ್: ಎಸಿ’ ಎಂದಿದ್ದರೆ, ಅದೇ ಫೈಲಿನ ಬಾಲಕ್ಕೆ ಯಾರೋ ಇನ್ನೊಂದು ಆಬ್ಜೆಕ್ಟ್‌ಔಟ್‌ಪುಟ್‌ಸ್ಟ್ರೀಮ್ ತೆರೆದು ಬರೆದಿದ್ದಾರೆ. ಬರೆದು ಮುಗಿಯುವವರೆಗೂ ಒಂದೇ ಸ್ಟ್ರೀಮನ್ನು ತೆರೆದಿಟ್ಟುಕೊಳ್ಳಿ.