ಕೂಸಿನೊಂದಿಗೆ ಮೊದಲ ಸುತ್ತಾಟ

ಹೆರಿಗೆ ರಜೆ 26 ವಾರ ಎಂದಾಗ ಬಹಳವೆನಿಸಿತ್ತು. ಬಾಣಂತನದ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕುಳಿತ ಎರಡನೇ ತಿಂಗಳಿಗೆ ಗೋಡೆಗಳೇ ಮೈಮೇಲೆ ಬಂದಂತಾದವು. ಆರನೇ ವಾರದ ಲಸಿಕೆ ಮುಗಿಸಿ, ಡಾಕ್ಟರನ್ನು ಕೇಳಿ, ಅಮ್ಮನನ್ನು ಒಪ್ಪಿಸಿ (ಇದೇ ಕಷ್ಟದ ಕೆಲಸ) ಲಾಲ್‌ಬಾಗಿಗೆ ಹೊರಟೆ.

ತಳ್ಳುಗಾಡಿಯನ್ನು ಮನೆಯಲ್ಲೇ ಬಿಡಿ. ಬೆಂಗಳೂರಿನ ಪಾದಚಾರಿ ಮಾರ್ಗದಲ್ಲಿ ಅದನ್ನು ತಳ್ಳುವುದಕ್ಕಿಂತ ಹೊತ್ತುಕೊಂಡು ನಡೆಯುವುದೇ ಹೆಚ್ಚು. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಚೀಲ ಸಾಕು. ಆದರೆ ಒಂದು ಎಚ್ಚರಿಕೆ: ಮಗುವಿನ ಮುಖ ಸದಾ ನಿಮಗೆ ಕಾಣುತ್ತಿರಬೇಕು, ಮೂಗಿಗೆ ಬಟ್ಟೆ ಅಡ್ಡ ಬರಬಾರದು, ಗದ್ದ ಅದರದೇ ಎದೆಗೆ ಒತ್ತಿಕೊಂಡಿರಬಾರದು. ಕುತ್ತಿಗೆ ನಿಲ್ಲದ ಕೂಸು ತಾನಾಗಿ ತಲೆ ಎತ್ತಿಕೊಳ್ಳಲಾರದು. ಬೆನ್ನು ಬೆವರಿದೆಯೇ ಎಂದು ಆಗಾಗ ಮುಟ್ಟಿ ನೋಡಿ. ನಮ್ಮವರು ಉಣ್ಣೆ ಟೋಪಿ ತೊಡಿಸುವ ಉತ್ಸಾಹದಲ್ಲಿ ಸೆಕೆಯನ್ನೇ ಮರೆಯುತ್ತಾರೆ.

ಹಾಲು ಕುಡಿಸಿದ ಕೂಡಲೇ, ಬೆಳಿಗ್ಗೆ ಒಂಬತ್ತರೊಳಗೆ ಹೋಗಿ ಬನ್ನಿ. ಮೊದಲ ದಿನ ಅರ್ಧ ಗಂಟೆ ಸಾಕು. ಡೈಪರು, ಹಳೆಯ ಪಂಚೆಯ ತುಂಡುಗಳು, ಮಗುವಿಗೊಂದು ಜೊತೆ ಬಟ್ಟೆ ಎಲ್ಲರೂ ಒಯ್ಯುತ್ತಾರೆ. ನಿಮಗೊಂದು ಕುರ್ತಾ ಒಯ್ಯಿರಿ. ಕಕ್ಕಿದ ಹಾಲಿನ ವಾಸನೆಯಲ್ಲಿ ಆಟೋದಲ್ಲಿ ಮರಳಿದ ಅನುಭವದಿಂದ ಹೇಳುತ್ತಿದ್ದೇನೆ.

ಕೆನ್ನೆ ಹಿಂಡಲು ಬರುವ ಅಪರಿಚಿತ ಅಜ್ಜಿಯರಿಗೆ "ಮುಟ್ಟಬಾರದೆಂದು ಡಾಕ್ಟರ್ ಹೇಳಿದ್ದಾರೆ ಅಜ್ಜಿ" ಎನ್ನಿ. ಬೇಸರಿಸದೆ ದೂರದಿಂದಲೇ ದೃಷ್ಟಿ ತೆಗೆಯುತ್ತಾರೆ.